ಮರಳು ತೂಗಿದವನಿಗೆ

ಒಬುರಾ, ನೀನು ಮೊದಲ ಸಲ ದಡಕ್ಕಿಳಿದಾಗ
ಕೈಯಲ್ಲಿ ಅಕ್ಕಸಾಲಿಗನದಂಥ ಪುಟ್ಟ ತಕ್ಕಡಿ,
ಕಾಲಲ್ಲಿ ಕಿಸುಮು ಪಟ್ಟಣದ ಬೂಟು.
ಕೇಳಿದ್ದೇನು?
"ಒಂದು ಕಿಲೋ ಮೀನಿನಲ್ಲಿ ಮರಳೆಷ್ಟು?"

ನಾವು ನಕ್ಕಿದ್ದು ಆಚೆ ದಡಕ್ಕೂ ಕೇಳಿಸಿರಬೇಕು.
ಓದಿ ಓದಿ ಇಷ್ಟೇನಾ ಎಂದಳು ನ್ಯಾಸುಬಾ.
ದೋಣಿಗೆ ಡಾಂಬರು ಹಚ್ಚುತ್ತಿದ್ದ ಗಂಡಸರಿಗೆ
ಸಂಜೆಯವರೆಗೂ ಅದೇ ಮಾತು:
ಮರಳು ತೂಗುವವನು ಬಂದಿದ್ದಾನೆ,
ನಾಳೆ ಗಾಳಿ ಅಳೆಯುವವನೂ ಬರುತ್ತಾನೆ.

ಎಂಬಿಟಾದಲ್ಲಿ ಒಮೆನಾ ಒಣಗುವುದೇ ಹಾಗೆ.
ಬೆರಳುದ್ದದ ಬೆಳ್ಳಿ ಚೂರುಗಳು,
ರಾತ್ರಿ ಲಾಂದ್ರಕ್ಕೆ ಮರುಳಾಗಿ ಬಲೆಗೆ ಬಿದ್ದು
ಹಗಲು ನೆಲದ ತುಂಬ ಚೆಲ್ಲಿರುತ್ತವೆ.
ನಡುವೆ ಕೋಳಿ ನಡೆಯುತ್ತದೆ, ಆಡು ನಡೆಯುತ್ತದೆ,
ಹೇಳದೆ ಕೇಳದೆ ಮಳೆಯೂ ನಡೆಯುತ್ತದೆ.
ಆ ದಿನ ಕೋಳಿ ಮೇವಿನ ವ್ಯಾಪಾರಿ
ಹೇಳಿದ್ದೇ ಬೆಲೆ.

ಮರಳು ಉಗುಳದೆ ಉಣ್ಣಲು ಕಲಿತಾಗಲೇ
ಸೊಸೆ ಈ ದಡದವಳಾಗುವುದು, ಎನ್ನುತ್ತಿದ್ದಳು ನನ್ನ ಅತ್ತೆ.
ನಾನು ಎರಡೇ ವಾರಕ್ಕೆ ಕಲಿತೆ.

ನೀನು ಬಿಡಲಿಲ್ಲ. ಹದಿನಾಲ್ಕು ತಿಂಗಳು
ಮೀನು ತೊಳೆದೆ, ಬಸಿದೆ, ತಳಕ್ಕಿಳಿದದ್ದನ್ನು ಒಣಗಿಸಿ ತೂಗಿದೆ.
ಬೂಟು ಹೋಗಿ ಚಪ್ಪಲಿ ಬಂತು,
ಚಪ್ಪಲಿ ಹೋಗಿ ಬರಿಗಾಲು.
ಒಂದು ಮಧ್ಯಾಹ್ನ ಗಾಜಿನ ಲೋಟ ತುಂಬಿ ತಂದು
ನನ್ನ ಮುಂದಿಟ್ಟೆ:
"ಅಪೊಂಡಿ, ಇದು ನಿನ್ನ ಮಗಳು ಒಂದು ವರ್ಷದಲ್ಲಿ ತಿಂದದ್ದು."

ಯಾರೂ ನಗಲಿಲ್ಲ.
ಕೋಳಿಯೊಂದು ಬಂದು ಲೋಟವನ್ನು ಕುಕ್ಕಿ ಹೋಯಿತು.

ಎತ್ತಿ ಒಣಗಿಸಿದರೆ? ಎಂದೆ ನಾನು.
ಹರಿದ ಬಲೆ ಇದೆ, ಕಂಬಕ್ಕೆ ಮುರಿದ ಹುಟ್ಟುಗಳಿವೆ,
ಸೊಂಟದೆತ್ತರಕ್ಕೆ ಕಟ್ಟಿದರಾಯಿತು.
ನೀನು ಬರೆದುಕೊಂಡೆ. ಎತ್ತರ ಅಳೆದೆ, ಇಳಿಜಾರು ಅಳೆದೆ,
ಗಾಳಿಯನ್ನೂ ಅಳೆದೆ
(ಗಂಡಸರ ಬಾಯಿಹರಕೆ ನಿಜವಾಯಿತು, ನೋಡು).
ಮೂರು ಸಲ ಕುಸಿಯಿತು.
ನಾಲ್ಕನೆಯದು ನಿಂತಿತು.

ಈಗ ನ್ಯಾಸುಬಾಳ ಬಗ್ಗಿದ ಬೆನ್ನು
ನೆಟ್ಟಗೆ ನಿಂತು ಬೆಲೆ ಹೇಳುತ್ತದೆ.
ಮೋಡ ಕಂಡರೆ ಹಾಳೆ ಎಳೆಯುತ್ತೇವೆ, ಅಷ್ಟೆ.
ಆಡುಗಳಿಗೆ ಮಾತ್ರ ನಿನ್ನ ಮೇಲೆ ಸಿಟ್ಟು.

ಮೊನ್ನೆ ನಿನ್ನ ದಪ್ಪ ಪುಸ್ತಕ ಬಂತು.
ಮಗಳು ಓದಿ ಹೇಳಿದಳು:
ವಂದನೆಯ ಪುಟದಲ್ಲಿ ಗುರುಗಳ ಹೆಸರು, ಹಣ ಕೊಟ್ಟವರ ಹೆಸರು,
ತಕ್ಕಡಿಯ ಕಂಪನಿಯ ಹೆಸರು,
ಆಮೇಲೆ "ದಡದ ಮಹಿಳೆಯರು".
ಮಹಿಳೆಯರು!
ಹೆಸರಿಟ್ಟಿಲ್ಲವೇನೋ ನಮಗೆ ನಮ್ಮ ಅಪ್ಪಂದಿರು?

ಸಿಟ್ಟೇನಿಲ್ಲ. ಒಮ್ಮೆ ಮರಳಿ ಬಾ.
ಪೆನ್ನು ತಾ, ಒಬ್ಬೊಬ್ಬರದೂ ಹೇಳುತ್ತೇನೆ.
ಉಗಾಲಿ ಒಲೆಯ ಮೇಲಿದೆ, ಒಮೆನಾ ಹುರಿದಿದ್ದೇನೆ.
ತಕ್ಕಡಿ ಬೇಡ,
ಹಲ್ಲೇ ಸಾಕು.