ಲಾಂಡ್ರಿಗೆ ಹೊನ್ನ ನಲ್ಲಿ

ಬೆಂಡಿಗೋದಲ್ಲಿ ನೆಲ ಅಗೆಯುವ ಮುನ್ನ ಎರಡು ಸಲ ಯೋಚಿಸುತ್ತೇವೆ.
ಕೆಳಗೆ ಹಳೆಯ ಸುರಂಗಗಳು,
ಯಾರದೋ ಮುತ್ತಜ್ಜಂದಿರು ಮೊಣಕಾಲೂರಿ ತೆವಳಿದ್ದು,
ಬಗೆದದ್ದು, ಬಿಟ್ಟದ್ದು.
ನಾನು ಅಷ್ಟು ಆಳಕ್ಕೆ ಇಳಿಯುವವನಲ್ಲ.
ನನ್ನದು ಸಿಂಕಿನ ಕೆಳಗಿನ ಕತ್ತಲೆ:
ಬೆನ್ನ ಮೇಲೆ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿ
ತಿರುಪು ಬಿಗಿದ ಇಪ್ಪತ್ತಾರು ವರ್ಷ.

ಈಗ ಎಲ್ಲರಿಗೂ ಚಿನ್ನ ಬೇಕು.
ಚಿನ್ನವೆಂದರೆ ಚಿನ್ನವಲ್ಲ, ಬಣ್ಣ;
ಹಿತ್ತಾಳೆಯ ಮೈಗೆ ಹೊದಿಸಿದ, ಗುಂಜಿ ತೂಕವೂ ಬಾರದ ಪೊರೆ.
ಒಂದು ಕಂಪನಿಯದು ಜೇನು, ಇನ್ನೊಂದರದು ಒಣಹುಲ್ಲು,
ಮೂರನೆಯದು, ಹೇಳಬಾರದು, ತಾಮ್ರಕ್ಕೆ ಕಾಮಾಲೆ ಬಂದ ಹಾಗೆ.
ನಲ್ಲಿ ಒಂದು ಕಡೆ, ಕಪಾಟಿನ ಹಿಡಿ ಇನ್ನೊಂದು ಕಡೆ ಕೊಂಡರೆ
ಒಂದೇ ಗೋಡೆಯಲ್ಲಿ ಸವತಿಯರ ಹಾಗೆ
ಮುಖ ತಿರುಗಿಸಿ ನಿಲ್ಲುತ್ತವೆ.
ಮೊದಲೇ ಹೇಳುತ್ತೇನೆ. ಕೇಳುವವರು ಕಡಿಮೆ.

ಮೆರಿನ್ ಟ್ರೆಗಿಯರ್ ಕೇಳಿದಳು.
ಮೂರು ಮಾದರಿ ತುಂಡುಗಳನ್ನು ಕಿಟಕಿಗೆ ಒಯ್ದು
ಸಂಜೆ ನಾಲ್ಕರ ಬೆಳಕಿನಲ್ಲಿ ಅಕ್ಕಸಾಲಿಯಂತೆ ಕಣ್ಣು ಕಿರಿದಾಗಿಸಿ,
ಒದ್ದೆ ಬೆರಳು ಒತ್ತಿ, ಕಲೆ ಕೂರುತ್ತದೋ ಎಂದು ಕಾದು,
"ಮಂಕಾದದ್ದು ಕೊಡು," ಅಂದಳು, "ಮಿಂಚುವುದು ಬೇಡ."
ಸರಿ. ಅಡುಗೆಮನೆಗೆ ಎಷ್ಟು?
"ಅಲ್ಲಿ ಸ್ಟೀಲೇ ಇರಲಿ.
ಲಾಂಡ್ರಿಗೆ."

ಕಿವಿಯ ಸಂದಿನ ಪೆನ್ಸಿಲು ತೆಗೆದವನು ಮತ್ತೆ ಅಲ್ಲೇ ಸಿಕ್ಕಿಸಿದೆ.
ಹಿತ್ತಲ ಬಾಗಿಲ ಪಕ್ಕದ ಗೂಡು, ಆರಡಿಗೆ ಎಂಟಡಿ,
ವಾಷಿಂಗ್ ಮಷಿನ್, ಕೆಸರಿನ ಬೂಟು, ನಾಯಿಯ ತಟ್ಟೆ.
ಅಲ್ಲಿಗೆ?
ಮನೆಗಳನ್ನು ಸಿಂಗರಿಸಿ ಮಾರುವ ಅವಳ ಅಳಿಯ
ಫೋನಿನಲ್ಲಿ ನಕ್ಕದ್ದು ನನಗೂ ಕೇಳಿಸಿತು:
ಕೊಳ್ಳುವವರು ನೋಡುವುದು ಅಡುಗೆಮನೆ, ಅತ್ತೆ.
"ನಾನು ಮಾರುತ್ತಿಲ್ಲ," ಅಂದಳು. "ಒಗೆಯುತ್ತೇನೆ."

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ.
ಕತೆಯಾಗಿ ಹೇಳಲಿಲ್ಲ; ಚಹಾ ಸುರಿಯುತ್ತ, ಬಿಡಿಬಿಡಿಯಾಗಿ:
ಹೆರಿಗೆಯ ಹಾಸು ಒಂದು ಬಂಡಿ, ಸಾವಿನದು ಬೇರೆ ಬಂಡಿ,
ತೊಟ್ಟಿಗೆ ಬಿದ್ದ ಮೇಲೆ ಯಾವುದು ಯಾವುದೋ.
ರಕ್ತಕ್ಕೆ ಮೊದಲು ತಣ್ಣೀರು;
ಬಿಸಿ ಸೋಕಿತೋ, ಕಲೆ ಕಚ್ಚಿಕೊಂಡುಬಿಡುತ್ತದೆ.
ಕಿಟಕಿ ಇರಲಿಲ್ಲ. ನಲ್ಲಿಯ ಹಿಡಿ ತುಕ್ಕು ಹಿಡಿದು
ಕೈಗವಸು ಹರಿಯುತ್ತಿತ್ತು. ಬರೆದು ಕೊಟ್ಟರು, ಮೂರು ಸಲ.
ಆಮೇಲೆ ಒಗೆತವೆಲ್ಲ ಗುತ್ತಿಗೆಗೆ ಹೋಯಿತು,
ಲಾರಿಯಲ್ಲಿ, ಬೇರೆ ಊರಿಗೆ.
ಲೆಕ್ಕ ಚುಕ್ತಾ ಮಾಡಿ ಕಳಿಸಿದ ಹಣದಲ್ಲಿ
ಈ ನಲ್ಲಿ.

ನನ್ನ ಕೈಕೆಳಗೆ ಕೆಲಸ ಕಲಿಯುವ ಹುಡುಗ ಟೂ,
ಕರೆನ್ ಜನದವನು, ಗಡಿಯ ಶಿಬಿರದಲ್ಲಿ ಹುಟ್ಟಿದವನು,
ಮಾತು ಕಡಿಮೆ, ಅಳತೆ ತಪ್ಪಿದ್ದಿಲ್ಲ.
ಡಬ್ಬಿ ಬಿಚ್ಚಿ, ಸುತ್ತಿದ ಬಟ್ಟೆ ಸರಿಸಿ,
ಹೊರಬಂದ ಮೂತಿಯನ್ನು ಕೂಸಿನ ತಲೆಯಂತೆ ಅಂಗೈಯಲ್ಲಿ ಹಿಡಿದು
"ನಮ್ಮ ಮಾತಲ್ಲಿ ನನ್ನ ಹೆಸರು ಇದೇ," ಅಂದ. "ಚಿನ್ನ."

ಎರಡು ವರ್ಷದಿಂದ ನಾನವನನ್ನು ಕರೆದದ್ದು ನಂಬರ್ ಟೂ.
ತಮಾಷೆಗೆ. ಗಿರಾಕಿಗಳ ಎದುರಿಗೂ.
ಅವನೂ ನಗುತ್ತಿದ್ದ, ಅಥವಾ ಹಲ್ಲು ತೋರಿಸುತ್ತಿದ್ದ.
ಸಿಂಕಿನ ಕೆಳಗೆ ನನಗೆ ಕೆಲಸವಿತ್ತು, ಪುಣ್ಯ.
ಅಲ್ಲಿ ಚಿನ್ನ ಯಾರೂ ಕೇಳುವುದಿಲ್ಲ,
ಬಿಳಿ ಪ್ಲಾಸ್ಟಿಕ್ಕಿನ ಕೊಳವೆ, ಬಾಗಿದ ಕುತ್ತಿಗೆ,
ನಾತವನ್ನು ತಡೆಯಲು ನಿಂತ ಒಂದು ಗುಟುಕು ನೀರು.

ವಿನಿಗರ್ ತಾಗಿಸಬೇಡಿ, ಉಜ್ಜಬೇಡಿ, ಮೆತ್ತನೆ ಬಟ್ಟೆ ಸಾಕು
ಎಂದು ನಾನು ಒಪ್ಪಿಸಿದ ಪಾಠಕ್ಕೆ ಮೆರಿನ್
"ನನಗೆ ಕಲಿಸುತ್ತೀಯಾ?" ಎಂಬಂತೆ ಹುಬ್ಬೇರಿಸಿ,
"ನೀನು ತಿರುಗಿಸಪ್ಪ," ಅಂದಳು ಹುಡುಗನಿಗೆ.
ನಲ್ಲಿ ಕೆಮ್ಮಿತು. ಮೊದಲು ಕಂದು ಮಣ್ಣುನೀರು,
ಹಳೆಯ ಕೊಳವೆಯ ಬಗ್ಗಡ, ಆಮೇಲೆ ತಿಳಿ.
ಅವಳು ಏಪ್ರನ್ನು ಬಿಚ್ಚಿ ಅದಕ್ಕೆ ಒಡ್ಡಿದಳು,
ತಣ್ಣೀರಿಗೆ, ಮೊದಲು.

ವ್ಯಾನಿನಲ್ಲಿ ಹೊರಟಾಗ ಆ ಹೆಸರನ್ನು ಹೇಳಿ ನೋಡಿದೆ.
ಸರಿಯಿಲ್ಲ, ಅಂದ.
ನಾಲಿಗೆ ಹಲ್ಲಿಗೆ ತಾಗುವಾಗ
ಒಂದು ಉಸಿರು ಹೆಚ್ಚು ಬೇಕಂತೆ.
ಕೆಂಪು ದೀಪ ಬಿತ್ತು.
ಇನ್ನೊಮ್ಮೆ ಹೇಳಿದೆ.