ಹಿಂದಿನ ಸೀಟು

ನೀಲಾವತಿಯ ಆರ್‌ಡಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಈಗ ತಾಂಜಾನಿಯಾ ಇದೆ.
ಮೇಲೆ ಗೋಪಾಳದ ಹಾಲಂಗಡಿಯವನ ಬಾಕಿ ಕಂತು,
ಕೆಳಗೆ ಐದು ರಾತ್ರಿ, ಆರು ಹಗಲು,
ಗೀಟೆಳೆದು ಇಬ್ಬರಿಗೆ ಒಟ್ಟು.
ಒಟ್ಟಿನ ಸುತ್ತ ಅವಳು ಮೂರು ಸಲ ಸುತ್ತು ಹಾಕಿದ್ದಾಳೆ,
ಹಾಳೆ ಹರಿಯುವಷ್ಟು.

ದುರ್ಗಿಗುಡಿಯ ಇರ್ಫಾನ್ ಟೇಬಲ್ಲಿನ ಮೇಲೆ
ಮೂರು ಕಾಗದ ಹರಡಿದ.
ಅಗ್ಗದ್ದು: ಡೇರೆ ನೀವೇ ಹೊಡೆಯಬೇಕು,
ರಾತ್ರಿ ಹೊರಗೆ ಹೋಗುವಾಗ ಮೊದಲು ಟಾರ್ಚ್ ಬಿಟ್ಟು
ಹೊಳೆಯುವ ಕಣ್ಣು ಎಣಿಸಬೇಕು.
ದುಬಾರಿಯದು: ಡೇರೆಯೊಳಗೇ ಸ್ನಾನದ ತೊಟ್ಟಿ,
ಆ ತೊಟ್ಟಿಗೂ ಪಂಜದ ಕಾಲು.
ನಡುವಿನದು: ಮಂಚ ಇದೆ, ಸೊಳ್ಳೆಪರದೆ ಇದೆ,
ಬಿಸಿನೀರು ಕೂಗಿ ಕೇಳಿದರೆ
ಯಾರೋ ಬಕೆಟ್ಟಿನಲ್ಲಿ ತಂದು ಮೇಲಿನ ಚೀಲಕ್ಕೆ ಹೊಯ್ಯುತ್ತಾರೆ.

ನೀಲಾ ನಡುವಿನದರ ಮೇಲೆ ಬೆರಳಿಟ್ಟಳು.
ನಮ್ಮ ಮದುವೆಯ ಊಟ, ವಿನೋಬನಗರದ ಸೈಟು,
ಮಗಳ ನರ್ಸಿಂಗ್ ಕಾಲೇಜು,
ಎಲ್ಲ ಆ ಬೆರಳೇ ಆರಿಸಿದ್ದು.

"ಏಪ್ರಿಲ್‌ನಲ್ಲಿ ಅಲ್ಲಿ ಮಳೆ, ಅರ್ಧ ರೇಟು" ಅಂದ ಇರ್ಫಾನ್.
"ಮಳೆ ನೋಡೋಕಾ?
ಆಗುಂಬೆ ಬಸ್ಸಿಗೆ ಎಷ್ಟಪ್ಪ?" ಅಂದಳು.
ಫೆಬ್ರವರಿ ಅಂತಾಯಿತು. ಆಗ ಕಾಡುದನಗಳು ಕರು ಹಾಕುತ್ತವಂತೆ,
ಒಂದೇ ಬಯಲಲ್ಲಿ, ದಿನಕ್ಕೆ ಸಾವಿರಗಟ್ಟಲೆ.

ಹಳದಿ ಜ್ವರದ ಸೂಜಿ, ಹತ್ತು ದಿನ ಮೊದಲೇ.
ಮೆತ್ತನೆಯ ಚೀಲ, ಹದಿನೈದು ಕಿಲೋ ದಾಟಬಾರದು.
ನೀಲಿ ಬಟ್ಟೆ ಬೇಡ, ಅಲ್ಲಿಯ ನೊಣ ನೀಲಿಗೆ ಮುತ್ತುತ್ತದೆ.
"ಖಾಕಿ ಇದ್ದರೆ ಒಳ್ಳೇದು ಸಾರ್" ಅಂದ.
ನಾವಿಬ್ಬರೂ ನಕ್ಕೆವು, ಅವನಿಗೆ ತಿಳಿಯಲಿಲ್ಲ.
ಟ್ರಂಕಿನಲ್ಲಿ ಇಪ್ಪತ್ತೆರಡು ವರ್ಷದ ಖಾಕಿ ಇದೆ,
ಮೊಣಕಾಲು ಮಾತ್ರ ತೆಳುವಾಗಿದೆ.

ಗೇಟಿನ ಟೀ ಅಂಗಡಿಯ ಚೌಡಪ್ಪನಿಗೆ ತಡೆಯಲಾಗಲಿಲ್ಲ.
"ತ್ಯಾವರೆಕೊಪ್ಪದಾಗೆ ದಿನಾ ನಾಕು ಟ್ರಿಪ್ಪು
ಸಿಂಹ ನೋಡಿದೋನು ನೀನು.
ಐದು ಲಕ್ಷ ಸುರಿದು ಅದನ್ನೇ ನೋಡ್ತೀಯಾ?"

ಹೌದು, ನೋಡಿದ್ದೇನೆ.
ಜಾಲರಿಯ ಒಂದೊಂದು ಕಣ್ಣಿನಲ್ಲಿ ಒಂದೊಂದು ತುಂಡು ಸಿಂಹ.
ಅದಕ್ಕೆ ನನ್ನ ಹಾರನ್ ಗೊತ್ತು,
ಬಕೆಟ್ಟಿನ ಸದ್ದು ಗೊತ್ತು, ಮಂಗಳವಾರ ಉಪವಾಸ ಗೊತ್ತು.
ನಮ್ಮನ್ನು ಕಂಡರೆ ಆಕಳಿಸುತ್ತದೆ,
ಪಡಸಾಲೆಗೆ ಬಂದ ನೆಂಟರನ್ನು ಕಂಡಂತೆ.
ನನಗೆ ಬೇಕಿರುವುದು ನನ್ನ ಗುರುತಿಲ್ಲದ ಸಿಂಹ,
ಊಟ ಎಷ್ಟು ಗಂಟೆಗೆಂದು ತನಗೇ ತಿಳಿಯದ್ದು.
ಮತ್ತೆ, ಗಾಡಿ ಬೇರೆ ಯಾರಾದರೂ ಓಡಿಸಬೇಕು.
ಇದನ್ನೆಲ್ಲ ಚೌಡಪ್ಪನಿಗೆ ಹೇಳಲಿಲ್ಲ,
ಟೀ ದುಡ್ಡು ಕೊಟ್ಟು ಬಂದೆ.

ಹೋದ ಭಾನುವಾರ ನೀಲಾ ಅಂದಳು,
"ಹಿಂದೆ ಕೂತು ಅಭ್ಯಾಸ ಮಾಡಿಕೊಳ್ಳಿ ಮೊದಲು."
ಟಿಕೆಟ್ ಕೊಂಡು ಹತ್ತಿದೆವು, ನಾಲ್ಕನೇ ಸಾಲು,
ಮುಂದೆ ಸಾಗರದ ಸ್ಕೂಲು ಮಕ್ಕಳು, ಅವರ ಚಕ್ಕುಲಿ.
ಸ್ಟೇರಿಂಗ್ ಹಿಡಿದದ್ದು ಹೊಸ ಹುಡುಗ, ತಿಲಕ.
ಎರಡನೇ ಗೇಟಿನ ಏರಿನಲ್ಲಿ ಅವನು ತಡವಾಗಿ ಗೇರು ಬದಲಿಸಿದ;
ನನ್ನ ಎಡಗಾಲು ಇಲ್ಲದ ಕ್ಲಚ್ಚು ಒತ್ತಿತು.

ಹುಣಸೆ ಮರದಡಿ ಚಂದ್ರಿ,
ಒಂದು ಕಣ್ಣಿಗೆ ಪೊರೆ ಬಂದ ಮುದಿ ಸಿಂಹಿಣಿ.
ತಲೆಯೆತ್ತಿದಳು. ನೋಡಿದ್ದು ಡ್ರೈವರ್ ಕಿಟಕಿಯನ್ನು.
ಅಲ್ಲಿರುವುದು ತಿಲಕ ಎಂದು ಗೊತ್ತಾಯಿತೋ ಇಲ್ಲವೋ,
ಮತ್ತೆ ಮಲಗಿದಳು.
ನಾಲ್ಕನೇ ಸಾಲಿನವರೆಗೆ ಆ ನೋಟ ಬರಲೇ ಇಲ್ಲ.

ನೀಲಾ ಮೆಲ್ಲಗೆ ಕೇಳಿದಳು,
"ಗುರುತಿಲ್ಲದ ಸಿಂಹ ಇಲ್ಲೇ ಸಿಕ್ಕಿತಲ್ಲ.
ಇರ್ಫಾನ್‌ಗೆ ಬೇಡ ಅನ್ನಲಾ?"
ಜಾಲರಿಗೆ ಹಣೆ ಒತ್ತಿಕೊಂಡೇ ಇದ್ದೆ.
ಅದರ ತುಕ್ಕಿನ ವಾಸನೆ ನನಗೆ ಹೊಸದು,
ಮುಂದೆ ಗಾಜಿತ್ತು.
"ನಾಳೆ ಅಡ್ವಾನ್ಸ್ ಕಟ್ಟು" ಅಂದೆ.
"ಬೈನಾಕ್ಯುಲರ್ ಒಂದೇ ತರೋದು, ಮೊದಲು ನಾನು" ಅಂದಳು.

ಇಳಿಯುವಾಗ ತಿಲಕ ಬಂದು ಕೈ ಹಿಡಿದ:
"ಹೆಂಗಿತ್ತಣ್ಣ ನನ್ನ ಗಾಡಿ?"
ಎರಡನೇ ಗೇಟು ನಾಲಗೆಯ ತುದಿಗೆ ಬಂದಿತ್ತು.
"ಗೊತ್ತಾಗಲಿಲ್ಲ ಮಾರಾಯ" ಅಂದೆ,
"ನಾನು ಸಿಂಹ ನೋಡ್ತಾ ಇದ್ದೆ."