ಟ್ಯಾಂಕಿನ ಕೆಳಗಿನ ಕಪಾಟು

ಮೇ ತಿಂಗಳ ಬೀದರ. ಕೂಲರಿನ ಹುಲ್ಲು
ಮಧ್ಯಾಹ್ನಕ್ಕೆ ಒಣಗಿ ಕಡ್ಡಿ.
ಪಾಸ್‌ಪೋರ್ಟ್ ಫೋಟೋಕ್ಕೆ ಕುಳಿತವರು
ನಗಲಾರರು, ನಕ್ಕರೆ ತುಟಿ ಉರಿ.
ಅಂಥದರಲ್ಲಿ ನನ್ನ ಸ್ಟುಡಿಯೋದ ಒಂದು ಬಾಗಿಲು
ನೀರು ಕುಡಿದು ಉಬ್ಬಿತ್ತು.
ಮೀನಿನ ಟ್ಯಾಂಕಿನ ಸ್ಟ್ಯಾಂಡಿನದು.
ಮೊಣಕಾಲು ಹಚ್ಚಿ ಜಗ್ಗಿದರೆ
ಮುಖಕ್ಕೆ ಬಡಿದದ್ದು ಹಸಿ ಗೋಣಿಚೀಲದ ವಾಸನೆ.

ವೈಜಿನಾಥ ಪಾಂಚಾಳ ಬಂದ, ನೌಬಾದಿನಿಂದ,
ಕಿವಿಯ ಮೇಲೆ ಪೆನ್ಸಿಲು.
ಕುಕ್ಕರಗಾಲಲ್ಲಿ ಕುಳಿತು ಒಳಗೆ ಬೆರಳಾಡಿಸಿ
ಒದ್ದೆ ಬೆರಳು ನನಗೇ ತೋರಿಸಿದ:
'ಟ್ಯಾಂಕ್ ಸೋರಿಲ್ಲ ಅಕ್ಕೋರೆ.
ಕೆಳಗಿನ ಫಿಲ್ಟರ್ ಡಬ್ಬಿಗಿ ಮುಚ್ಚಳ ಇಲ್ಲ,
ಕಪಾಟಿಗಿ ಕಿಂಡಿ ಇಲ್ಲ.
ಇಷ್ಟು ಬಿಸಿಲಾಗ ಆವಿ ಎಲ್ಲಿ ಹೋಗಬೇಕು?
ಪ್ಲೈವುಡ್ಡಿನ ಹೊಟ್ಟಿಗೇ.'

ಸನ್‌ಮೈಕಾ ಹೊರಗಷ್ಟೇ ಹಚ್ಚಿಸಿದ್ದೆ, ನೋಡುವವರಿಗಾಗಿ.
ಒಳಗೆ ಕೊಯ್ದ ಅಂಚು ಬರಿಮೈ;
ಅಲ್ಲೇ ಪದರ ಬಿಟ್ಟಿತ್ತು,
ಚಹಾದಲ್ಲಿ ಮರೆತ ಬಿಸ್ಕೀಟಿನ ಹಾಗೆ.

ಬೆನ್ನಹಲಗೆಗೆ ತೂತು ಕೊರೆದ,
ಕೆಳಗೆ ಮೂರು, ಮೇಲೆ ಮೂರು.
'ನಮ್ಮ ಕಡೀ ಸುರಂಗ ಬಾವಿ ನೋಡೀರೇನು?
ನೆಲದಡಿ ಹರಿಯೋ ನೀರಿಗೂ
ಅಷ್ಟಷ್ಟು ದೂರಕ್ಕ ಒಂದೊಂದು ಬಾಯಿ ಬಿಟ್ಟಾರ.
ನೀವು ಮಾರುದ್ದ ಪೆಟ್ಟಿಗಿಗಿ ಬಿಟ್ಟಿಲ್ಲ.'

ಅಂಚಿಗೆ ಎಪಾಕ್ಸಿ, ಎರಡು ಸಲ.
ಹಳೇ ಕಂಪ್ಯೂಟರಿನ ಫ್ಯಾನು ಮೇಲಿನ ತೂತಿಗೆ.
ವಯರು ಒಂದಿಷ್ಟು ಜೋತುಬಿಟ್ಟ,
ಹನಿ ಇಳಿದರೆ ಅಲ್ಲೇ ಉದುರಲಿ,
ಪ್ಲಗ್ಗಿನ ತನಕ ನಡೆಯದಿರಲಿ ಎಂದು.
ಎಲ್ಲ ಮುಗಿಸಿ ಕೇಳಿದ:
'ಮೂಲ್ಯಾಗಿನ ತಗಡಿನ ಡಬ್ಬಿ ಯಾತರದು?'

ಅಪ್ಪನ ನೆಗೆಟಿವ್‌ಗಳು. ಜಾಗವಿಲ್ಲವೆಂದು
ನಾನೇ ಇಟ್ಟದ್ದು, ಆರು ವರ್ಷದ ಹಿಂದೆ.
ಒಂದಕ್ಕೊಂದು ಅಂಟಿ, ಮೇಲೆ ಬಿಳಿ ಎಳೆ.
ಮದುವೆ, ತೊಟ್ಟಿಲು, ಏಳನೇ ಇಯತ್ತೆಯ ಗುಂಪು,
ಎಲ್ಲದಕ್ಕೂ ಒಂದೇ ಬೂಸರು.

'ಏನಿಲ್ಲ,' ಎಂದೆ. 'ಹಳೇವು.'

ಬಕ್ರೀದ್ ಮುಗಿದ ವಾರ ಹುಮನಾಬಾದಿನವನೊಬ್ಬ ಬಂದ.
ಅವನ ಅವ್ವನ ಮದುವೆ, ತೊಂಬತ್ತನಾಲ್ಕನೇ ಇಸವಿ.
ಅಪ್ಪನ ಸಹಿಯ ರಸೀದಿ ಮಡಿಚಿ ತಂದಿದ್ದ.
ಹುಡುಕಿದೆ. ಸಿಕ್ಕಿತು.
ಮುಖದ ಜಾಗದಲ್ಲಿ ಬೂಸರು ತಿಂದ ಬಯಲು,
ಅದರ ಅಂಚು ಕವಲು ಕವಲು.
ತೊಳೆದು, ಹಾಗೇ ಪ್ರಿಂಟ್ ಹಾಕಿ ಕೊಟ್ಟೆ.
ದುಡ್ಡು ಮುಟ್ಟಲಿಲ್ಲ.
ಅವನು ಬಹಳ ಹೊತ್ತು ನೋಡಿದ.
'ಕೈ ಆಕಿವೇ,' ಅಂದ.
'ಎಡಗೈ ಕಿರುಬೆರಳು ಹಿಂಗೇ ಸೊಟ್ಟ.'

ಈಗ ಬಾಗಿಲು ಸಲೀಸು.
ರಾತ್ರಿ ಶಟರ್ ಎಳೆಯುವ ಮುನ್ನ
ಒಳಗೆ ಕೈಯಿಟ್ಟು ನೋಡುತ್ತೇನೆ.
ಹಲಗೆ ಒಣಗಿದೆ, ಅಂಚು ಒಣಗಿದೆ,
ಫ್ಯಾನು ತನ್ನಷ್ಟಕ್ಕೆ ಗುಂಯ್ ಅನ್ನುತ್ತದೆ.
ಡಬ್ಬಿ ಇದ್ದ ಚೌಕ ಮಾತ್ರ
ಇನ್ನೂ ಸ್ವಲ್ಪ ತಣ್ಣಗೆ.